ಡಾಕ್ಟರ ಕೋಣೆಗೆ ನಾನು ಹೊಡೆದ ಗೋಡೆ

ಯಶೋದಕ್ಕ, ಆ ಹುಡುಗಿಯ ಗುಟ್ಟು ಹೊರಬಿದ್ದದ್ದು ನಾನು ಕಟ್ಟಿದ ಗೋಡೆಯಿಂದ, ನಿಮ್ಮ ಬಾಯಿಂದಲ್ಲ. ಗೊತ್ತಿದ್ದೂ ಇಷ್ಟು ವರ್ಷ ಬಾಯಿಮುಚ್ಚಿ ಕೂತೆ.

ಬೆಳ್ತಂಗಡಿಯ ಆ ಕ್ಲಿನಿಕ್ಕಿನಲ್ಲಿ ನೀವು ನರ್ಸ್. ಡಾಕ್ಟರ ಕೋಣೆಗೂ ರೋಗಿಗಳು ಕೂರುವ ಹಾಲ್‌ಗೂ ನಡುವೆ ಜಿಪ್ಸಮ್ ಬೋರ್ಡಿನ ಗೋಡೆ ಬೇಕೆಂದು ಡಾಕ್ಟರಮ್ಮ ಹೇಳಿದ್ದರು. ನಾನೋ ಗಲ್ಫಿನಲ್ಲಿ ಕಟ್ಟಡಗಳಿಗೆ ಎಸಿಪಿ ಶೀಟ್ ಹೊಡೆದು ಬಂದವನು. ಪೇಟೆಯ ಅಂಗಡಿಗಳ ಹೊಳಪೆಲ್ಲ ನನ್ನದೇ ಎಂಬ ಜಂಬ ಬೇರೆ. "ಜಿಪ್ಸಮ್ ನಮ್ಮ ಮಳೆಗಾಲಕ್ಕೆ ನಿಲ್ಲುವುದಿಲ್ಲ ಮೇಡಂ, ಎಸಿಪಿ ಹಾಕುವ" ಎಂದೆ. ಜಿಪ್ಸಮ್ ಭಾರದ ಹಲಗೆ. ಎರಡೂ ಬದಿಗೆ ಹೊಡೆದು ನಡುವೆ ಸದ್ದು ಹೀರುವ ಗ್ಲಾಸ್‌ವೂಲ್ ತುಂಬಿದರೆ ಮಾತು ದಾಟುವುದು ಕಷ್ಟ. ಎಸಿಪಿ ಎಂದರೆ ಎರಡು ತೆಳು ಅಲ್ಯೂಮಿನಿಯಂ ತಗಡು, ಮಧ್ಯೆ ಪ್ಲಾಸ್ಟಿಕ್ — ಅದನ್ನೂ ಒಂದೇ ಪದರ ಹೊಡೆದೆ.

ಕೆಲಸ ಮುಗಿದ ದಿನ ಡಾಕ್ಟರಮ್ಮ ನನ್ನನ್ನು ಹಾಲ್‌ನಲ್ಲಿ ನಿಲ್ಲಿಸಿ ಒಳಗಿನಿಂದ ಕೇಳಿದರು: "ಹಮೀದ್, ನನ್ನ ಮಾತು ಕೇಳ್ತದಾ?"

ಸ್ಪಷ್ಟವಾಗಿ ಕೇಳಿತು. ನಾನು ಉತ್ತರ ಕೊಡಲಿಲ್ಲ. ಉತ್ತರವಿಲ್ಲದ್ದನ್ನು ಕಂಡು ಅವರು ಖುಷಿಯಿಂದ ಹೊರಬಂದರು. ಮೂಡುಬಿದಿರೆಯಲ್ಲಿ ಇನ್ನೊಂದು ಕೆಲಸ ಕಾಯುತ್ತಿತ್ತು. ಬಿಚ್ಚಿ ಮತ್ತೆ ಕಟ್ಟುವುದು ಯಾರು ಎಂದುಕೊಂಡೆ. ಛೆ, ಎಂಥ ಮನುಷ್ಯ ನಾನು!

ಆಮೇಲೆ ವಾಮದಪದವಿನ ಆ ಹುಡುಗಿ — ಮದುವೆ ನಿಶ್ಚಯವಾಗಿತ್ತು, ಪಾಪ — ಚಿಕ್ಕಂದಿನಲ್ಲಿ ಫಿಟ್ಸ್ ಬರುತ್ತಿತ್ತೆಂದು ಡಾಕ್ಟರ ಬಳಿ ಹೇಳಿಕೊಂಡಳು. ಹಾಲ್‌ನಲ್ಲಿ ಹುಡುಗನ ಕಡೆಯವರು ಯಾರೋ ಕೂತಿದ್ದರಂತೆ. ಸಂಬಂಧ ಮುರಿಯಿತು. ಆ ಹಾಲ್‌ನಲ್ಲಿ ಕೂತವರಿಗೆಲ್ಲ ಒಳಗಿನ ಮಾತು ಕೇಳುತ್ತಿತ್ತು. ಆದರೆ ಕದ್ದು ಕೇಳಿದೆ ಎಂದು ಯಾರು ಒಪ್ಪುತ್ತಾರೆ? ಗೋಡೆಯ ಮೇಲೆ ಡಾಕ್ಟರಮ್ಮನಿಗೆ ಅನುಮಾನವೇ ಇರಲಿಲ್ಲ. ಒಳಗಿದ್ದ ಮೂರನೆಯವರು ನೀವು. ಗುಟ್ಟು ಹೇಳಿದ್ದು ನೀವೇ ಎಂದು ನಿಮ್ಮನ್ನು ಕೆಲಸದಿಂದ ಬಿಡಿಸಿದರು.

ನಿನ್ನೆ ಹೋಗಿ ಅವರಿಗೆ ಎಲ್ಲ ಹೇಳಿದೆ. "ಯಶೋದಳಿಗೆ ಹೇಳಿದ್ದೀಯಾ?" ಎಂದರು. ಇಲ್ಲ ಎಂದೆ. ನಾಳೆ ಇಬ್ಬರೂ ಕಕ್ಕಿಂಜೆಗೆ, ನಿಮ್ಮ ಮನೆಗೆ ಬರುತ್ತೇವೆ. ಬಾಗಿಲು ತೆರೆಯದಿದ್ದರೂ ಸರಿ. ಆ ಹುಡುಗಿಯ ಮುಂದೆಯೂ ನಿಲ್ಲಬೇಕು, ಆ ಧೈರ್ಯ ಇನ್ನೂ —

ಡಾಕ್ಟರಮ್ಮನಿಗೂ ಹೇಳದ ಒಂದು ಮಾತು ಉಂಟು. ನಿಮ್ಮನ್ನು ಬಿಡಿಸಿದ ದಿನ ನಾನು ಹಾಲ್‌ನಲ್ಲೇ ಇದ್ದೆ, ಬಾಗಿಲಿನ ಹಿಡಿ ಸರಿಮಾಡುತ್ತಾ. "ನನ್ನ ಮಕ್ಕಳಾಣೆ ಮೇಡಂ, ನಾನು ಯಾರ ಹತ್ರವೂ ಹೇಳ್ಲಿಲ್ಲ" ಎಂದು ನೀವು ಒಳಗೆ ಅತ್ತದ್ದು ಅದೇ ಗೋಡೆಯಿಂದ ನನಗೆ ಕೇಳುತ್ತಿತ್ತು. ಹೊರಬಂದು ಕಣ್ಣೊರೆಸಿಕೊಂಡು, "ಬರ್ತೇನೆ ಹಮೀದಣ್ಣ" ಎಂದಿರಿ.

ನಾನು ತಲೆಯಾಡಿಸಿದೆ.