ಬಿಸಿಲಲ್ಲಿ ಬಂದ ನೀರು

ಕೊಪ್ಪಳದ ಕಾಲೇಜೊಂದರಲ್ಲಿ ಎಂಜಿನಿಯರಿಂಗ್ ಹುಡುಗರಿಗೆ ನಾನು ಜಲವಿಜ್ಞಾನ ಕಲಿಸುತ್ತೇನೆ. ಮಳೆ ಎಷ್ಟು ಬೀಳುತ್ತದೆ, ಎಷ್ಟು ಇಂಗುತ್ತದೆ ಎಂಬುದನ್ನೆಲ್ಲ ಹರಟೆ ಹೊಡೆಯುತ್ತಲೇ ಮುಗಿಸುತ್ತೇನೆ. ಜಲಾನಯನದ ತುತ್ತತುದಿಯಲ್ಲಿ ಬಿದ್ದ ಹನಿ ಕೆಳಗಿನ ಊರು ಮುಟ್ಟಲು ಹಿಡಿಯುವ ಹೊತ್ತಿನ ಪಾಠ ಬಂದಾಗ ಮಾತ್ರ ಹುಡುಗರಿಗೆ ಬೆನ್ನು ಮಾಡಿ ಬೋರ್ಡಿನ ಮೇಲೆ ಬರೆಯುತ್ತೇನೆ. ಅದಕ್ಕೊಂದು ಸೂತ್ರವಿದೆ. ಸೂತ್ರ ಬರೆದ ಪುಣ್ಯಾತ್ಮ ಹಳ್ಳದಲ್ಲಿ ಕೌದಿ ಒಗೆದವನಲ್ಲ.

ನಮ್ಮ ಕಡೆ ಮಹಾನವಮಿಗೆ ಮೊದಲು ಮನೆಯ ಹಾಸಿಗೆ ಹೊದಿಕೆಯನ್ನೆಲ್ಲ ಒಗೆಯಬೇಕು. ಮನೆಗೆ ನಳ ಬಂದಮೇಲೂ ದಪ್ಪ ಕೌದಿಗಳಿಗೆ ಹಳ್ಳವೇ ಬೇಕು. ಆ ವರ್ಷ ಅವ್ವ, ಅಕ್ಕ, ನಾನು ಹೋಗಿದ್ದೆವು. ಸಣ್ಣಗೆ ಹರಿಯುವ ನೀರು, ನೆತ್ತಿ ಸುಡುವ ಬಿಸಿಲು, ಒಂದು ತುಣುಕು ಮೋಡವಿಲ್ಲ. ಕೌದಿಗಳನ್ನು ಮರಳ ಮೇಲೆ ಹರವಿ ರೊಟ್ಟಿಗಂಟು ಬಿಚ್ಚಿದಾಗ ಯಲಬುರ್ಗಾ ಕಡೆಯ ಊರಿನಿಂದ ದೊಡ್ಡವ್ವನ ಫೋನ್ ಬಂತು.

"ಮುಂಜಾನಿಂದ ಮಳಿ ಹೊಡಿಯಾಕ ಹತ್ತೈತಿ. ಹೊಲ ಎಲ್ಲಾ ಕೆರಿ ಆಗ್ಯಾವ!"

ಅವ್ವ ನಕ್ಕಳು. "ನಿಮಗರ ಬಂತಲ್ಲ, ಪುಣ್ಯಾ! ನಮಗೂ ಒಂದೀಟು ಕಳಸು."

ಅಕ್ಕನೂ ನಕ್ಕಳು. ನಮ್ಮಲ್ಲಿ ಮಳೆಯೆಂದರೆ ಸಿಹಿಸುದ್ದಿ. ಅದಕ್ಕೆ ಹೆದರುವುದನ್ನು ಯಾರೂ ಕಲಿಸಿರಲಿಲ್ಲ.

ಉಂಡು ಬೇವಿನ ನೆರಳಲ್ಲಿ ಅಡ್ಡಾದೆವು. ಇಳಿಹೊತ್ತಿಗೆ ಅಕ್ಕ ಕೌದಿ ಮಡಚಲು ಹಳ್ಳಕ್ಕೆ ಇಳಿದಳು. ಲಾರಿ ಬಂದಂಥ ಸಪ್ಪಳ ಕೇಳಿತು. ತಿರುವಿನಿಂದ ಕೆಸರುನೀರು ಮುಳ್ಳುಕಂಟಿ ತಳ್ಳಿಕೊಂಡು ಬಂತು. ಮೇಲೆ ಆಕಾಶ ನೀಲಿಯಾಗೇ ಇತ್ತು. ಅಕ್ಕ ಕೈಯಲ್ಲಿದ್ದ ಕೌದಿ ಬಿಡಲಿಲ್ಲ. ಅವಳೂ ಸಿಗಲಿಲ್ಲ, ಕೌದಿಯೂ ಸಿಗಲಿಲ್ಲ.

ಈಗ ಅವ್ವ, ನಾನು ಕೊಪ್ಪಳದ ಮಗ್ಗುಲಿನ ಭಾಗ್ಯನಗರದಲ್ಲಿದ್ದೇವೆ. ಮೋಡ ಕವಿದ ದಿನ ಅವ್ವ ಆರಾಮಾಗಿರುತ್ತಾಳೆ. ಶುಭ್ರ ಬಿಸಿಲಿದ್ದರೆ ಬಾಗಿಲಲ್ಲಿ ನಿಂತು ಕಿವಿಗೊಡುತ್ತಾಳೆ. ರಸ್ತೆಯಲ್ಲಿ ಲಾರಿ ಹೋದರೆ "ಬಂತು" ಎನ್ನುತ್ತಾಳೆ. ಲಾರಿಯೆಂದು ಗೊತ್ತಿದ್ದೂ ನಾನು ಎದ್ದು ಹೋಗಿ ರಸ್ತೆ ನೋಡುತ್ತೇನೆ.

ಹೋದ ವಾರ ಪಾಠಕ್ಕೆಂದು ಆ ಹಳ್ಳದ ನಕ್ಷೆ ಹರವಿ ಕೂತಿದ್ದೆ. ಅವ್ವ ಪಕ್ಕದಲ್ಲಿ ಬಂದು ಕುಂತಳು.

"ದೊಡ್ಡವ್ವನ ಊರಾಗ ಬಿದ್ದ ನೀರು ನಮ್ಮ ಹಳ್ಳಕ್ಕ ಬರಾಕ ಎಷ್ಟೊತ್ತು ಬೇಕು?"

ಈ ಪ್ರಶ್ನೆಗೆ ನಾನು ವರ್ಷಗಟ್ಟಲೆ ಹೆದರಿದ್ದೆ. ಉತ್ತರ ಕೇಳಿದರೆ ಅವ್ವ ಬದುಕುವುದಿಲ್ಲ ಎಂದೇ ನನ್ನ ಭಯ. ಆದರೂ ಸುಳ್ಳು ಬಾಯಿಗೆ ಬರಲಿಲ್ಲ.

"ತಾಸುಗಟ್ಟಲೆ ಬೇಕವ್ವಾ."

ಅವಳು ನಕ್ಷೆಯನ್ನೇ ನೋಡುತ್ತಿದ್ದಳು. "ಹಂಗಾರ, ನಾ ಕಳಸು ಅಂದಾಗ ಅದು ಆಗ್ಲೇ ಹೊಂಟಿತ್ತೇನು?"

"ಹೊಂಟಿತ್ತವ್ವಾ."

"ನಾ ಕರದಿದ್ದಕ್ಕ ಬಂದಿದ್ದಲ್ಲ?"

"ಅಲ್ಲವ್ವಾ."

ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ಇಷ್ಟು ವರ್ಷ ಅವಳು ಹೊತ್ತದ್ದು ಇದನ್ನೇ, ನನಗೆ ತಿಳಿದೇ ಇರಲಿಲ್ಲ. ಅಂದು ರಾತ್ರಿ ನಿದ್ದೆ ಮಾಡಿದಳು.

ಲೆಕ್ಕದ ಇನ್ನರ್ಧವನ್ನು ನಾನು ಹೇಳಲಿಲ್ಲ. ಫೋನ್ ಇಟ್ಟಮೇಲೆ, ಅಷ್ಟೂ ಕೌದಿ ಮಡಚಿಕೊಂಡು ಮೂವರೂ ಮನೆ ಸೇರುವಷ್ಟು ಹೊತ್ತಿತ್ತು.