ಕೆಸರಿನ ಮಾತಿಗೆ ಕಿವಿಗೊಟ್ಟವರು

ನೀರಿನಲ್ಲಿ ಬೆರೆತ ವಿಷವನ್ನು ಅಳೆಯಬಲ್ಲವರು ಪರಿಸರ ರಸಾಯನಶಾಸ್ತ್ರದಲ್ಲಿ ಅನೇಕರಿದ್ದಾರೆ. ಅಳೆದದ್ದನ್ನು ಅಧಿಕಾರದ ಕುರ್ಚಿಯಲ್ಲಿ ಕುಳಿತ ಮೇಲೂ ಮರೆಯದವರು ವಿರಳ. ಮಾಲಿನ್ಯ ನಿಯಂತ್ರಣ ಮಂಡಳಿಯ ಅಧ್ಯಕ್ಷ ಸ್ಥಾನದಿಂದ ಈ ತಿಂಗಳು ನಿವೃತ್ತರಾಗುತ್ತಿರುವ ನಮ್ಮ ಮೇಡಂ ಆ ವಿರಳರಲ್ಲಿ ಒಬ್ಬರು.

ನಾನು ವಿಶ್ವವಿದ್ಯಾಲಯದಲ್ಲಿ ಅವರ ವಿದ್ಯಾರ್ಥಿನಿಯಾಗಿ ಸೇರಿದಾಗ ಅವರು ನದಿಯ ಕೆಸರಿನಲ್ಲಿ ಉಳಿಯುವ ಸೀಸವನ್ನು ಕುರಿತು ಸಂಶೋಧನೆ ನಡೆಸುತ್ತಿದ್ದರು. ಮೊಣಕಾಲುದ್ದದ ರಬ್ಬರ್ ಬೂಟು ತೊಟ್ಟು ನೀರಿಗಿಳಿಯುತ್ತಿದ್ದ ಅವರನ್ನು ನಾವು ಬೆನ್ನ ಹಿಂದೆ ‘ಕೆಸರಮ್ಮ’ ಎನ್ನುತ್ತಿದ್ದೆವು. ಅದು ಅವರ ಕಿವಿಗೆ ಬಿದ್ದ ದಿನ, “ಅಮ್ಮ ಅಂತಾದ್ರೂ ಸೇರಿಸಿದ್ದೀರಲ್ಲ, ದೊಡ್ಡ ಮನಸ್ಸು,” ಎಂದು ನಕ್ಕು, ತೊಳೆಯಬೇಕಿದ್ದ ಬೂಟುಗಳನ್ನು ನಮ್ಮ ಮುಂದಿಟ್ಟರು.

ಮುಂದೆ ಅವರು ಅಧ್ಯಕ್ಷರಾದಾಗ ನಾನು ಮಂಡಳಿಯ ಪ್ರಯೋಗಾಲಯದಲ್ಲಿದ್ದೆ. ಮೊದಲ ವರ್ಷವೇ ಬಣ್ಣದ ಕಾರ್ಖಾನೆಯೊಂದರ ಮೇಲೆ ದೂರು ಬಂತು. ಅದರ ಕೊಳವೆ ನದಿ ಸೇರುವ ಜಾಗದಿಂದ ತುಸು ಕೆಳಗೇ ಊರಿನ ಕುಡಿಯುವ ನೀರಿನ ಪಂಪು. ಆದರೆ ನಮ್ಮವರು ತಂದ ನೀರೆಲ್ಲ ಸ್ವಚ್ಛವಾಗಿಯೇ ಇತ್ತು.

“ಹೇಳಿ ಹೋದ್ರೆ ಮನೆ ಗುಡಿಸಿಟ್ಟಿರ್ತಾರೆ. ನದಿ ತಳ ಗುಡಿಸೋಕಾಗುತ್ತಾ?” ಎಂದ ಮೇಡಂ, ನದಿ ಹರಿವಿನಲ್ಲಿ ಕೊಳವೆಗಿಂತ ಮೇಲ್ಗಡೆಯಿಂದಲೂ ಕೆಳಗಡೆಯಿಂದಲೂ ಕೆಸರು ತರಿಸಿದರು.

ಪರೀಕ್ಷೆ ನನ್ನ ಪಾಲಿಗೆ ಬಂತು. ಕೆಳಗಡೆಯ ಕೆಸರಿನಲ್ಲಿ ಸೀಸ ಗಾಬರಿಯಾಗುವಷ್ಟಿತ್ತು. ನನ್ನ ಲೆಕ್ಕ ತಪ್ಪಿದ್ದರೆ ಹೋಗುವುದು ಮೇಡಂ ಹುದ್ದೆ. ಸರಿಯಿದ್ದೂ ನಾವು ಸುಮ್ಮನಿದ್ದರೆ ಕುಡಿಯುವುದು ಇಡೀ ಊರು.

“ಮೇಡಂ, ಇನ್ನೊಂದ್ಸಲ ಮಾಡ್ಲಾ?”

“ಮಾಡು. ಭಯ ಇರೋರೇ ಸರಿಯಾಗಿ ತೂಗೋದು. ಮೊದಲು ಊಟ ಮಾಡು ಕಣೇ, ಸೀಸ ಎಲ್ಲಿಗೂ ಓಡಿಹೋಗಲ್ಲ.”

ಊಟ ಮಾಡಿ ಮತ್ತೆ ಅಳೆದೆ. ಫಲಿತಾಂಶ ಕದಲಲಿಲ್ಲ.

ವಿಚಾರಣೆಯ ದಿನ ಕಾರ್ಖಾನೆಯ ಮ್ಯಾನೇಜರರು, “ಆ ಸೀಸ ನಮ್ದೇ ಅಂತ ಹೇಗೆ ಹೇಳ್ತೀರಿ ಮೇಡಂ? ಮೇಲಿನ ಊರುಗಳಿಂದ ಹರಿದು ಬಂದಿರಬಹುದು,” ಎಂದರು.

“ಹಾಗಿದ್ರೆ ನಿಮ್ಮ ಕೊಳವೆ ಮೇಲ್ಗಡೆ ಕೆಸರಲ್ಲೂ ಇರಬೇಕಿತ್ತಲ್ಲ ಸ್ವಾಮಿ? ಅಲ್ಲೀವರೆಗೂ ದಡದ ಮೇಲೆ ನಡ್ಕೊಂಡು ಬಂದು, ನಿಮ್ಮ ಗೇಟ್ ಹತ್ರ ನೀರಿಗೆ ಹಾರಿತಾ?”

ಸಭೆ ಗೊಳ್ಳೆಂದಿತು. ಮ್ಯಾನೇಜರರ ಪಕ್ಕದಲ್ಲಿದ್ದ ವಕೀಲರೂ ನಗು ತಡೆಯಲಾಗದೆ ಕೆಮ್ಮಿದರು. ಕೊಳವೆ ಮುಚ್ಚುವ ಆದೇಶಕ್ಕೆ ಅಂದೇ ಸಹಿ ಬಿತ್ತು. ಮೇಲಿನವರ ಫೋನುಗಳು ಬಂದವು. ಮೇಡಂ ಎಲ್ಲರಿಗೂ ವಿನಯದಿಂದ ಉತ್ತರಿಸಿದರು, ಸಹಿಯನ್ನು ಮಾತ್ರ ಹಿಂತೆಗೆದುಕೊಳ್ಳಲಿಲ್ಲ. ಕೊಳವೆ ಮುಚ್ಚಿದ್ದರಿಂದ ಕೆಲಸ ನಿಂತಿದ್ದ ಕಾರ್ಖಾನೆ, ಶುದ್ಧೀಕರಣ ಘಟಕ ಕಟ್ಟಿಕೊಂಡು ಮತ್ತೆ ತೆರೆಯಿತು. ಇಂದು ಆ ಊರಿನ ಮಕ್ಕಳು ಶಾಲೆಯ ನಲ್ಲಿಗೆ ನೇರವಾಗಿ ಬಾಯೊಡ್ಡಿ ನೀರು ಕುಡಿಯುತ್ತಾರೆ.

ವಿಶ್ರಾಂತಿಯ ಮಾತೆತ್ತಿದ ನಮಗೆ ಮೇಡಂ, “ನೀರಿನದಾಯ್ತು, ಗಾಳಿ ಇನ್ನೂ ಬಾಕಿ ಇದೆಯಲ್ಲ?” ಎಂದಿದ್ದಾರೆ. ಅವರ ಆಯುಷ್ಯವೂ ಆರೋಗ್ಯವೂ ಆ ಉತ್ಸಾಹಕ್ಕೆ ಸರಿಸಾಟಿಯಾಗಿರಲಿ. ಗಾಳಿ ಕೆಡಿಸುವವರು ಇಂದಿನಿಂದಲೇ ಎಚ್ಚರವಾಗಿರಲಿ.