ಗಣಪತಿಯ ಮುಖಕ್ಕೆ ಕೊಂಡ ಕಾರ್ಡು

ಸೊಲ್ಲಾಪುರದ ಕಂಪ್ಯೂಟರ್ ಅಂಗಡಿಯ ಗಾಜಿನ ಕೌಂಟರಿನ ಮೇಲೆ ಮೆಮರಿಯ ಎರಡು ಪಟ್ಟಿಗಳು, ಪರದೆಗೆ ಹೆಚ್ಚು ಬಣ್ಣ ಕೊಡುವ ಒಂದು ಗ್ರಾಫಿಕ್ಸ್ ಕಾರ್ಡು. ಎದುರಿಗೆ ಅಪ್ಪ, ನಾನು, ಅಕ್ಕ. ಇಲ್ಲ, ಅಕ್ಕ ಇರಲಿಲ್ಲ. ಅವಳು ಅಕ್ಕಲಕೋಟದ ಮನೆಯಲ್ಲಿದ್ದಳು. ನೆನೆದಾಗಲೆಲ್ಲ ಅವಳನ್ನು ಆ ಕೌಂಟರಿನ ಮುಂದೆ ತಂದು ನಿಲ್ಲಿಸುತ್ತೇನೆ, ಅವಳೂ ಒಪ್ಪಿದ್ದಳು ಎಂಬಂತೆ. ನೆನಪಿನ ಈ ಜಾಣತನ ಕಂಡರೆ ಹೇಸಿಗೆ.

ತೊಂಬತ್ತರ ದಶಕ ಮುಗಿಯುತ್ತಿದ್ದ ದಿನಗಳು. ಗುಮಾಸ್ತಿಕೆಯಿಂದ ನಿವೃತ್ತರಾದ ಅಪ್ಪ ಮನೆಯ ಮುಂದಿನ ಕೋಣೆಯಲ್ಲಿ ಅಗ್ಗದ ಕಂಪ್ಯೂಟರ್ ಇಟ್ಟು ಲಗ್ನಪತ್ರಿಕೆ ಮಾಡಿಕೊಡುತ್ತಿದ್ದರು. ಮಾಡುತ್ತಿದ್ದವಳು ಅಕ್ಕ, ಅಪ್ಪ ಕುರ್ಚಿಯಲ್ಲಿ ಕೂತು ಮಾತಾಡುತ್ತಿದ್ದರು. ಊರಲ್ಲಿ ಮರಾಠಿ ಟೈಪ್ ಮಾಡುವವರು ಬೇಕಾದಷ್ಟು, ಕನ್ನಡಕ್ಕೆ ಅವಳೊಬ್ಬಳೇ. ಅದಕ್ಕೇ ಸೊಲ್ಲಾಪುರದ ಒಂದು ಛಾಪಖಾನೆಯವರು ಕನ್ನಡ ಶಾಲೆಯ ಮಕ್ಕಳ ಅಭ್ಯಾಸ ಪುಸ್ತಕವನ್ನು ಚಿತ್ರಗಳ ಸಮೇತ ಹದಿನೈದು ದಿನಗಳಲ್ಲಿ ಪುಟ ಕಟ್ಟಿಕೊಡಲು ಹೇಳಿದ್ದರು. ಸರಿಹೋದರೆ ವರ್ಷವಿಡೀ ಕೆಲಸ. ಆ ಕೆಲಸ ಸಿಕ್ಕರೆ ದುಧನಿಯ ಗಂಡಿನ ಮನೆಗೆ ಬೇಡವೆಂದು ಹೇಳಿಕಳಿಸಲು ಅಪ್ಪ ಒಪ್ಪಿದ್ದರು. ಅಕ್ಕನಿಗೆ ಆ ಸಂಬಂಧ ಬೇಡವಾಗಿತ್ತು.

ಆದರೆ ಪುಟಗಳು ಹೆಚ್ಚಿದಂತೆ ಯಂತ್ರ ಗರಗರ ಎಂದು ನಿಂತುಬಿಡುತ್ತಿತ್ತು. ಮೆಮರಿ ಸಾಲದು. ಕೈಯಲ್ಲಿದ್ದ ಹಣ ಒಂದೇ ವಸ್ತುವಿಗೆ ಸಾಕು.

"ಅಪ್ಪಾ, ಮೆಮರೀನೇ ತರ್ರಿ. ಅಂಗಡ್ಯಾಂವ ಬ್ಯಾರೆ ಏನರೆ ತೋರಿಸಿದ್ರ ಕಣ್ಣ ಮುಚ್ಚಕೋರಿ," ಎಂದು ಅಕ್ಕ ನಗುತ್ತ ಹೇಳಿ ಕಳಿಸಿದ್ದಳು.

ಅಪ್ಪನ ತಲೆಯಲ್ಲಿ ಮಾತ್ರ ಹಿಂದಿನ ದಿನ ಬಂದ ವಳಸಂಗದ ಗಿರಾಕಿ ಕೂತಿದ್ದ. ನಮ್ಮಲ್ಲಿಗೆ ಬಂದವರು ವಧೂವರರ ಹೆಸರು ಹೇಳುವ ಮೊದಲು ಪರದೆಯ ಮೇಲೆ ಗಣಪತಿಯ ಪಟ ತೆರೆಸಿ ಕೈಮುಗಿಯುತ್ತಿದ್ದರು, ಗಾಜು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಹೇಗೋ ಅದು ರೂಢಿಯಾಗಿಬಿಟ್ಟಿತ್ತು. ಕುಂಕುಮ, ತಲೆಯೆಣ್ಣೆ, ಭಜಿಯ ಜಿಡ್ಡು ಎಲ್ಲವೂ ಗಾಜಿಗೆ ಮೆತ್ತುತ್ತಿತ್ತು, ಒರೆಸುವವಳು ಅಕ್ಕ. ನಮ್ಮ ಯಂತ್ರಕ್ಕೆ ತೋರಿಸಲು ಬರುತ್ತಿದ್ದ ಬಣ್ಣಗಳು ಕಡಿಮೆ. ದೇವರ ಮುಖ ತುಂಬ ಕಲೆ.

"ಗಣಪ್ಪಗ ಸಿಡುಬು ಎದ್ದಾಂಗ ಕಾಣ್ತೈತಲ್ರಿ ಕಾಕಾ," ಎಂದಿದ್ದ ವಳಸಂಗದವನು. "ಶುಭಕಾರ್ಯಕ್ಕ ಇಂಥಾ ಮಾರಿ ನೋಡೂದಾ?" ಎದ್ದೇ ಹೋದ.

ಸೊಲ್ಲಾಪುರದ ಅಂಗಡಿಯವನು ಗುಟ್ಕಾ ತುಂಬಿದ ಬಾಯಿಯನ್ನು ಮೇಲೆತ್ತಿಕೊಂಡೇ ಮಾತಾಡುತ್ತಿದ್ದ. ಅಪ್ಪ ಈ ಕಥೆ ಹೇಳಿದ್ದೇ ತಡ, ಕಾರ್ಡು ಹಾಕಿದ ಯಂತ್ರದಲ್ಲಿ ಗಣಪತಿಯನ್ನು ತೆರೆದ. "ಬಘಾ, ನೋಡ್ರಿ ಕಾಕಾ! ದರ್ಶನ ಆತಿಲ್ರಿ?" ಗಲ್ಲ ಗುಲಾಬಿ, ಕಿರೀಟ ಥಳಥಳ. ಅಪ್ಪ ಆ ಕೊಳಕು ನೆಲದ ಮೇಲೆ ಚಪ್ಪಲಿ ಬಿಟ್ಟು ನಿಂತರು.

"ನೀ ಏನಂತೀಯೋ?" ಎಂದು ನನ್ನನ್ನು ಕೇಳಿದರು.

ಕಾಲೇಜಿಗೆ ಹೋಗುವ, ಕಂಪ್ಯೂಟರ್ ಬಲ್ಲ ಮಗ ನಾನು. ನಮ್ಮ ಪತ್ರಿಕೆ ಅಚ್ಚಾಗುವುದು ಹಳದಿ ಕಾಗದದ ಮೇಲೆ, ಒಂದೇ ಕೆಂಪು ಶಾಯಿಯಲ್ಲಿ. ಪರದೆಯ ಬಣ್ಣಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಗೊತ್ತಿತ್ತು. ಆದರೆ ಪಕ್ಕದ ಯಂತ್ರದಲ್ಲಿ ಕಾರ್ ರೇಸಿನ ಆಟ ಓಡುತ್ತಿತ್ತು.

"ಕಾರ್ಡೇ ಛಲೋ ಅಪ್ಪಾ. ಮೆಮರಿ ಆಮ್ಯಾಲ ಹಾಕಿಸಿದ್ರಾತು," ಎಂದೆ. ದೇವರ ಹಿಂದೆ ಅಡಗಿಸಿಟ್ಟ ನನ್ನ ಆಟದ ಆಸೆ.

ಮನೆಯಲ್ಲಿ ಅಕ್ಕ ಡಬ್ಬಿ ಬಿಚ್ಚಿ ನೋಡಿದಳು. "ಇದೇನ ತಂದ್ರಿ? ಅಚ್ಚಿನಾಗ ಬೀಳೂದು ಒಂದ ಬಣ್ಣಾ ಅಲ್ಲೇನು!"

"ಹುಚ್ಚೀ, ಗಿರಾಕಿ ನೋಡೂದು ಪರದೀನ," ಎಂದರು ಅಪ್ಪ.

ಗಿರಾಕಿಗಳೇನೋ ಬಂದರು. ಹೊಸ ಬಣ್ಣ ನೋಡಲು ಮನೆಯಲ್ಲಿ ಲಗ್ನವಿಲ್ಲದವರೂ ಬಂದು ಗಾಜು ಸವರಿ ಹೋದರು. ಅಕ್ಕ ಪುಸ್ತಕವನ್ನು ಹತ್ತು ಹತ್ತು ಪುಟಗಳ ತುಂಡು ಮಾಡಿಕೊಂಡಳು. ಚಿತ್ರ ಸೇರಿಸಿದೊಡನೆ ಯಂತ್ರ ಸತ್ತಂತೆ ನಿಲ್ಲುತ್ತಿತ್ತು, ಮತ್ತೆ ಮೊದಲಿಂದ. ಅವಳು ಅತ್ತಳೇ? ನೆನಪಿಲ್ಲ. ಅವಳು ಊಟಕ್ಕೆ ಎದ್ದಾಗ ಅವಳ ಕುರ್ಚಿಯಲ್ಲಿ ಕೂತು ನಾನು ಕಾರು ಓಡಿಸಿದ್ದು ಮಾತ್ರ ನೆನಪಿದೆ.

ಗಡುವಿನ ದಿನ ಅರ್ಧ ಪುಸ್ತಕ ಹಿಡಿದು ಅಕ್ಕ, ನಾನು ಬಸ್ಸಿನಲ್ಲಿ ಸೊಲ್ಲಾಪುರಕ್ಕೆ ಹೋದೆವು. ಛಾಪಖಾನೆಯ ಮಾಲಕ ಪುಟಗಳನ್ನು ತಿರುವಿ ನೋಡಿದ. "ಒಂದೂ ತಪ್ಪಿಲ್ಲ ತಾಯಿ. ಆದ್ರ ಅರ್ಧಾ ಪುಸ್ತಕ ಸಾಲಿಗೆ ಹ್ಯಾಂಗ ಕೊಡ್ಲಿ?" ಉಳಿದದ್ದು ಗುಲ್ಬರ್ಗಾದ ಯಾರಿಗೋ ಹೋಯಿತು. ಮುಂದಿನ ಕೆಲಸವೂ ಅವರಿಗೇ.

ವಾರದೊಳಗೆ ಅಪ್ಪ ದುಧನಿಗೆ ಒಪ್ಪಿಗೆಯ ಕಾಗದ ಹಾಕಿದರು.

ತನ್ನ ಲಗ್ನಪತ್ರಿಕೆಯನ್ನು ಅಕ್ಕನೇ ಟೈಪ್ ಮಾಡಿದಳು ಎಂದು ಬರೆದರೆ ಓದುವವರಿಗೆ ಹಿಡಿಸುತ್ತದೆ. ಅವಳು ಮಾಡಲಿಲ್ಲ. ನಾನು ಮಾಡಿದೆ, ಕನ್ನಡ ಕೀಲಿಗಳು ಬಾರದ್ದರಿಂದ ಮರಾಠಿಯಲ್ಲಿ. ಒಯ್ದು ತೋರಿಸಿದಾಗ ಅವಳು ಅಕ್ಕಿ ಆರಿಸುತ್ತಿದ್ದಳು. ಕಾಗದ ಮುಟ್ಟಲಿಲ್ಲ.

"ಮಷೀನ ನಡುವ ನಿಂತಿತ್ತೇನು?" ಎಂದಳು.

"ಇಲ್ಲಕ್ಕಾ. ಒಂದ ಪುಟಾ ಅಲ್ಲೇನು, ಅರ್ಧಾ ತಾಸಿನ್ಯಾಗ ಮುಗೀತು," ಎಂದೆ. ಹೆಮ್ಮೆಯಿಂದ ಹೇಳಿದ್ದೆ.